ಅರಸಿಯ ಕೆರೆಯ ಸೀಮೆಯಲ್ಲಿ ಹೆಣ್ಣುಮಗಳ ಓದು



ಸೆಪ್ಟೆಂಬರ್ 8 ಮಾತೆ ಮರಿಯಮ್ಮನವರ ಜನನದ ಹಬ್ಬ. ಮನೆಯೊಂದರಲ್ಲಿ ಹೆಣ್ಣುಮಗು ಹುಟ್ಟಿದ್ದನ್ನು ಇಡೀ ಧರ್ಮಸಭೆ ಸಂಭ್ರಮಿಸುವ ದಿನವಿದು. ಈ ಸಂದರ್ಭದಲ್ಲಿ ನಮ್ಮ ಸೀಮೆಯ ಹೆಣ್ಣುಮಕ್ಕಳ ಓದಿನ ಚರಿತ್ರೆಯನ್ನು ಸ್ವಲ್ಪ ನೆನೆಯೋಣ.

ಅರಸೀಕೆರೆ ಎಂದರೆ ಅರಸಿಯ ಕೆರೆ. ಹೊಯ್ಸಳ ರಾಣಿಯೊಬ್ಬಳು ಕಟ್ಟಿಸಿದ ಕೆರೆಯಿಂದ ಊರಿಗೆ ಈ ಹೆಸರು ಬಂತೆನ್ನುತ್ತಾರೆ. ಬೇಲೂರಿನಲ್ಲಿ ವಿಷ್ಣುವರ್ಧನನು 1117ರಲ್ಲಿ ದೇವಾಲಯ ಕಟ್ಟಿಸಿದಾಗ ರಾಣಿ ಶಾಂತಲೆಯೂ ಅಲ್ಲಿ ಒಂದು ಗುಡಿ ಕಟ್ಟಿಸಿದಳು. ಸಂಗೀತ, ನೃತ್ಯಗಳಲ್ಲಿ ಆಕೆಗಿದ್ದ ಪಾಂಡಿತ್ಯವನ್ನು ಶಾಸನಗಳು ಹೊಗಳುತ್ತವೆ. ಆದರೆ ಕೆರೆಯ ಮಣ್ಣು ಹೊತ್ತ ಕೂಲಿಯವಳ ಮಗಳು ಅಕ್ಷರ ಕಲಿತಳೇ? ಯಾವ ಕಲ್ಲೂ ಅದನ್ನು ಹೇಳುವುದಿಲ್ಲ. ವಿದ್ಯೆ ಅರಮನೆಯ ಹೆಣ್ಣಿಗೆ ಒಲಿದಿತ್ತು; ಗುಡಿಸಲಿನವಳಿಗೆ ಅಲ್ಲ.

1876-78ರಲ್ಲಿ ಮೈಸೂರು ಸೀಮೆಗೆ ಭೀಕರ ಬರ ಬಂತು. ಹಿರಿಯರ ಬಾಯಲ್ಲಿ ಅದು ಧಾತು, ಈಶ್ವರ ಸಂವತ್ಸರಗಳ ಬರ. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ತಂದೆತಾಯಿಯನ್ನು ಕಳೆದುಕೊಂಡ ಹೆಣ್ಣುಮಕ್ಕಳಿಗಾಗಿ ಹಾಸನದಲ್ಲಿ ನಮ್ಮ ಸೋದರ ಸಭೆಯವರಾದ ವೆಸ್ಲಿಯನ್ ಮಿಷನ್ನಿನವರು ಅನಾಥಾಲಯ ನಡೆಸಿದರು. ಅತ್ತ ಮಂಗಳೂರಿನಲ್ಲಿ 1870ರಲ್ಲಿ ಬಂದಿಳಿದ ಕಾರ್ಮೆಲ್ ಭಗಿನಿಯರು ಬಾಲಕಿಯರ ಶಿಕ್ಷಣಕ್ಕೆ ಕೈಹಾಕಿದ್ದರು. 1881ರಲ್ಲಿ ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರ ಪ್ರಯತ್ನದಿಂದ ಮಹಾರಾಣಿ ಬಾಲಿಕಾ ಪಾಠಶಾಲೆ ತೆರೆಯಿತು. ಅದು ಮೊದಲಿಗೆ ಮೇಲ್ವರ್ಗದ ಮನೆಯ ಹುಡುಗಿಯರಿಗೆ ಮಾತ್ರ. ಬಾಗಿಲು ತೆರೆದಿತ್ತು, ನಿಜ. ಆದರೆ ಬಡವರ ಮಗಳಿಗೆ ಅದು ಇನ್ನೂ ದೂರವಿತ್ತು.

ಸ್ವಾತಂತ್ರ್ಯದ ನಂತರ ಊರೂರಿಗೆ ಶಾಲೆ ಬಂತು. 2002ರಲ್ಲಿ ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. 2006-07ರಲ್ಲಿ ಎಂಟನೇ ತರಗತಿಯ ಬಡ ಹುಡುಗಿಯರಿಗೆ ಸೈಕಲ್ ಸಿಕ್ಕಿತು. 2009ರ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವನ್ನು ಹಕ್ಕಾಗಿಸಿತು. 2023ರಲ್ಲಿ ಬೇಲೂರು, ಹಳೇಬೀಡಿನ ದೇವಾಲಯಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅದೇ ವರ್ಷ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ದೊರೆಯಿತು. ಹಳ್ಳಿಯಿಂದ ಕಾಲೇಜಿಗೆ ಹೋಗುವ ಹುಡುಗಿಗೆ ಈ ಎರಡರಲ್ಲಿ ಯಾವುದು ದೊಡ್ಡ ಸುದ್ದಿ ಎಂದು ಬೇರೆ ಹೇಳಬೇಕೆ?

ಆದರೂ ಒಂದು ಮಾತನ್ನು ಗಮನಿಸಿರಿ. ಕಾನೂನಿನ ಆಸರೆ 14ಕ್ಕೆ ಮುಗಿಯುತ್ತದೆ. ಹೆಣ್ಣುಮಗಳ ಕಷ್ಟ ಅಲ್ಲಿಂದಲೇ ಶುರುವಾಗುತ್ತದೆ. ಅರಸೀಕೆರೆಯ ಕಡೆ ಮಳೆ ಕೈಕೊಟ್ಟು ತೆಂಗು ಒಣಗಿದಾಗ, ಬೇಲೂರಿನ ಕಾಫಿ ತೋಟದಲ್ಲಿ ಕೂಲಿ ತಪ್ಪಿದಾಗ, ಅಪ್ಪ ಹಾಸಿಗೆ ಹಿಡಿದಾಗ, ಮನೆಯ ಲೆಕ್ಕದಲ್ಲಿ ಮೊದಲು ಕಡಿತವಾಗುವುದು ಮಗಳ ಓದು. ಅಮ್ಮ ಕೂಲಿಗೆ ಹೋದರೆ ಕೈಗೂಸನ್ನು ನೋಡಲು ಅವಳೇ ಬೇಕು. 'ಒಂದೆರಡು ತಿಂಗಳು' ಎಂದು ಬಿಟ್ಟ ಶಾಲೆಗೆ ಅವಳು ಮರಳುವುದು ಅಪರೂಪ. ಮುಂದೆ ಮದುವೆಯ ಮಾತು ಬರುತ್ತದೆ.

ಶುಭಸಂದೇಶದಲ್ಲಿ ಯಾಯೀರನ ಮಗಳಿಗೆ ಹನ್ನೆರಡು ವರ್ಷ. ಎಲ್ಲ ಮುಗಿಯಿತೆಂದು ಜನ ಅಳುತ್ತಿದ್ದಾಗ ಪ್ರಭು ಅವಳ ಕೈಹಿಡಿದು ಎಬ್ಬಿಸಿದರು. ಅಷ್ಟಕ್ಕೇ ನಿಲ್ಲದೆ, ಅವಳಿಗೆ ಊಟ ಕೊಡಲು ಹೇಳಿದರು. ಎಬ್ಬಿಸುವುದು ದೇವರ ಕೆಲಸ. ಉಣಿಸಿ ನಿಲ್ಲಿಸುವುದು ಮನೆಯವರ, ನೆರೆಯವರ ಕೆಲಸ.

ಪ್ರಿಯರೇ, ನಮ್ಮ ಧರ್ಮಕೇಂದ್ರದಲ್ಲಿ ವಾರಗಟ್ಟಲೆ ಶಾಲೆಗೆ ಹೋಗದ ಹುಡುಗಿ ಯಾರೆಂದು ವಿಚಾರಿಸೋಣ. ಜಾತಿ, ಧರ್ಮ ಕೇಳದೆ ಅವಳ ಮನೆಗೆ ಹೋಗೋಣ. ಪರೀಕ್ಷಾ ಶುಲ್ಕ ಕಟ್ಟಬಹುದು, ಸಂಜೆ ಪಾಠ ಹೇಳಬಹುದು, ಕೂಸನ್ನು ನೋಡಿಕೊಳ್ಳಬಹುದು. ವಿಧವೆ ತಾಯಂದಿರ ಮಕ್ಕಳಿಗೆ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಪ್ರಾಯೋಜಕತ್ವದ ನೆರವಿದೆ, ಅರ್ಜಿ ಬರೆದುಕೊಡೋಣ. ಬಾಲ್ಯವಿವಾಹದ ಸುಳಿವು ಸಿಕ್ಕರೆ 1098ಕ್ಕೆ ಕರೆ ಮಾಡೋಣ. ಅರಸಿಯ ಕೆರೆ ಊರಿಗೆಲ್ಲ ನೀರು ಕೊಟ್ಟಿತು. ಓದಿದ ಮಗಳೂ ಹಾಗೆಯೇ, ಒಂದು ಮನೆಗಷ್ಟೇ ಅಲ್ಲ.