ಅನ್ನ, ಗುರು, ಅವಕಾಶ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ದಾವಣಗೆರೆ ಜಿಲ್ಲೆಗೆ ಸೇರಿದ ತಾಲ್ಲೂಕುಗಳು. ಹಿಂದೆ ಇವು ಮೈಸೂರು ಸಂಸ್ಥಾನದ ಬಡಗಣ ಸೀಮೆಯಲ್ಲಿದ್ದುವು. ಸೀಮೆಯ ಆಚೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಆಡಳಿತ ಎರಡಾದರೂ ನುಡಿ ಒಂದೇ ಆಗಿದ್ದಿತು. ಆದುದರಿಂದ ಅತ್ತಣ ಒಂದು ವೃತ್ತಾಂತವು ಈ ಊರುಗಳಿಗೂ ಸಲ್ಲತಕ್ಕದ್ದೆಂದು ನಾವು ಭಾವಿಸುತ್ತೇವೆ.

ಈಗಿನ ಹಾವೇರಿ ಜಿಲ್ಲೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಗದಿಗೆಯ್ಯನೆಂಬ ಶಿಶು ಜನಿಸಿತು. ಅದಕ್ಕೆ ದೃಷ್ಟಿಯಿರಲಿಲ್ಲ, ಅಣ್ಣ ಗುರುಬಸಯ್ಯನೂ ಅಂಧನೇ. ಇಂತಹ ಮಕ್ಕಳಿಗೆ ಅಂದಿನ ಸಮಾಜವು ತೋರುತ್ತಿದ್ದ ದಾರಿ ಭಿಕ್ಷೆಯೊಂದೇ. ಹಾನಗಲ್ಲಿನ ಕುಮಾರಸ್ವಾಮಿಗಳು ಬಾಲಕನ ಕಂಠಮಾಧುರ್ಯವನ್ನು ಗುರುತಿಸಿ ಆಶ್ರಯವಿತ್ತರು. ಮೈಸೂರಿನಲ್ಲಿ ಕರ್ನಾಟಕ ಸಂಗೀತ, ನೀಲಕಂಠಬುವಾ ಅವರಲ್ಲಿ ಹಿಂದೂಸ್ತಾನಿ, ಹೀಗೆ ಎರಡು ಪದ್ಧತಿಗಳಲ್ಲಿಯೂ ಶಿಕ್ಷಣ ದೊರೆಯಿತು. ಆತನೇ ಮುಂದೆ ಪಂಚಾಕ್ಷರಿ ಗವಾಯಿಗಳೆಂದು ಪ್ರಸಿದ್ಧನಾದನು.

ಗವಾಯಿಗಳು ತಮ್ಮ ಕೀರ್ತಿಯಿಂದಲೇ ತೃಪ್ತರಾಗಲಿಲ್ಲ. ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಅನ್ನವಿತ್ತು ವಿದ್ಯೆ ಕಲಿಸಿದರು. ಗದಗಿನ ವೀರೇಶ್ವರ ಪುಣ್ಯಾಶ್ರಮವು ಈ ಪ್ರಯತ್ನದ ಫಲ. ಗುರುಮುಖದಿಂದ ಕೇಳಿ ಕಲಿಯುವ ವಿದ್ಯೆಯಲ್ಲಿ ಕಣ್ಣಿಲ್ಲದವನು ಹಿಂದುಳಿಯಬೇಕಾದ ಕಾರಣವಿಲ್ಲ. ಕಣ್ಣುಳ್ಳ ಬಸವರಾಜ ರಾಜಗುರುಗಳಂಥವರೂ ಈ ಅಂಧಗುರುವಿನ ಬಳಿಯೇ ಕುಳಿತು ಕಲಿತರೆಂಬುದನ್ನು ಗಮನಿಸಬೇಕು. ಇಲ್ಲಿ ದಾನಿ ಯಾರು, ದಾನ ಪಡೆದವರು ಯಾರು?

1944ರಲ್ಲಿ ಗುರುಗಳು ಕಾಲವಾದ ಮೇಲೆ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮದ ಭಾರವನ್ನು ಹೊತ್ತರು. ಹಾನಗಲ್ಲು ತಾಲ್ಲೂಕಿನ ದೇವಗಿರಿಯಲ್ಲಿ 1914ರಲ್ಲಿ ಹುಟ್ಟಿದ ಅವರು ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದರು. ಅವರು ಅನೇಕ ವಾದ್ಯಗಳನ್ನು ಬಾರಿಸಬಲ್ಲವರಾಗಿದ್ದರು. ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಗ್ರಂಥಗಳನ್ನು ರಚಿಸಿದರು. ಮಕ್ಕಳ ಊಟಕ್ಕೆ ಹಣ ಬೇಕಾದಾಗ ನಾಟಕ ಮಂಡಳಿಯನ್ನೇ ಕಟ್ಟಿದರು. 2010ರಲ್ಲಿ ಅವರಿಗೆ ಪದ್ಮಭೂಷಣ ದೊರೆಯಿತು. ಆ ವರ್ಷವೇ ಅವರು ಕಾಲವಾದರು.

ಇಂಥವರನ್ನು ಪವಾಡಪುರುಷರೆಂದು ಕೈಮುಗಿದು ಸುಮ್ಮನಾಗುವುದು ಸುಲಭ. ಅದರಿಂದ ನಮ್ಮ ಹೊಣೆ ತಪ್ಪುತ್ತದೆ. ಚರಿತ್ರೆಯು ಹೇಳುವುದೇ ಬೇರೆ: ಪ್ರತಿಭೆಗೆ ಮೊದಲು ಅನ್ನ ಬೇಕು, ತಾಳ್ಮೆಯುಳ್ಳ ಗುರು ಬೇಕು, ವರ್ಷಗಟ್ಟಲೆ ಅಭ್ಯಾಸಕ್ಕೆ ಅವಕಾಶ ಬೇಕು. ಕುಮಾರಸ್ವಾಮಿಗಳು ಒದಗಿಸಿದ್ದು ಇವನ್ನೇ. ಅಂಧರಿಗೆಲ್ಲ ಸಂಗೀತವೊಂದೇ ಗತಿಯೆಂದು ತಿಳಿಯುವುದೂ ತಪ್ಪು. ಬ್ರೈಲ್ ಲಿಪಿಯು ಶಾಸ್ತ್ರ, ಸಾಹಿತ್ಯಗಳ ಬಾಗಿಲನ್ನೂ ತೆರೆದಿದೆ. 2016ರ ಕಾಯಿದೆಯು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ ಶಿಕ್ಷಣವನ್ನು ಹಕ್ಕಿನ ಮಾತಾಗಿ ಮಾಡಿದೆ. ಆದರೆ ಕಾಯಿದೆಯು ಮನೆಯ ಬಾಗಿಲನ್ನು ತಟ್ಟಲಾರದು. ಜಗಳೂರಿನ ಹಳ್ಳಿಯೊಂದರಲ್ಲಿ ಮೂಲೆಗೆ ಕುಳಿತ ಮಗುವನ್ನು ಶಾಲೆಗೆ ಕರೆದೊಯ್ಯುವ ಕೈ ನೆರೆಯವರದೇ ಆಗಬೇಕು.