ಬಂಕ್: ಹಡಗಿನಿಂದ ಹೆದ್ದಾರಿಗೆ ಬಂದ ಮಾತು

ಕುಣಿಗಲ್ ಸೀಮೆಯ ಅಮೃತೂರಿನಲ್ಲಿ ಬೈಕಿಗೆ ಪೆಟ್ರೋಲ್ ಹಾಕಿಸಲು ಹೊರಟವರು ‘ಬಂಕ್‌ಗೆ ಹೋಗಿ ಬರ್ತೀನಿ’ ಎನ್ನುತ್ತಾರೆ. ‘ಬಂಕ್ ಹತ್ರ ನಿಲ್ಸಿ’ ಎಂದರೆ ಬಸ್ಸಿನ ಕಂಡಕ್ಟರಿಗೆ ಬೇರೆ ಗುರುತು ಬೇಕಿಲ್ಲ. ಮುಂಬೈ, ದಿಲ್ಲಿ ಕಡೆ ಇದೇ ಜಾಗ ‘ಪೆಟ್ರೋಲ್ ಪಂಪ್’. ಕನ್ನಡ, ತಮಿಳು, ತೆಲುಗು ಸೀಮೆಗಳಲ್ಲಿ ‘ಬಂಕ್’ ಬೇರೂರಿದೆ.

ಈ ಮಾತಿಗೆ ಹಡಗಿನ ನಂಟಿದೆ ಎಂಬುದು ಹೆಚ್ಚಾಗಿ ಕೇಳಿಬರುವ ವಿವರಣೆ. ಸ್ಕಾಟ್ಲೆಂಡಿನ ಆಡುಮಾತಿನಲ್ಲಿ ‘ಬಂಕರ್’ ಎಂದರೆ ಕೂರಲೂ ಆಗುವ ಪೆಟ್ಟಿಗೆ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಹಡಗುಗಳು ಬಂದಾಗ ಕಲ್ಲಿದ್ದಲು ತುಂಬಿಡುವ ಗೂಡಿಗೂ ಅದೇ ಹೆಸರಾಯಿತು. ಕಲ್ಲಿದ್ದಲು ಹೋಗಿ ಎಣ್ಣೆ ಬಂದರೂ ಹೆಸರು ಹೋಗಲಿಲ್ಲ. ಬಂದರುಗಳಲ್ಲಿ ಹಡಗಿಗೆ ಎಣ್ಣೆ ತುಂಬುವುದಕ್ಕೆ ಇಂದಿಗೂ ‘ಬಂಕರಿಂಗ್’ ಎನ್ನುತ್ತಾರೆ. ಉತ್ತರದವರ ‘ಪಂಪ್’ ಎಣ್ಣೆ ಎತ್ತುವ ಯಂತ್ರದ ಹೆಸರಾದರೆ, ನಮ್ಮ ‘ಬಂಕ್’ ಎಣ್ಣೆ ಕೂಡಿಡುವ ಜಾಗದ ಹೆಸರು.

ಯಂತ್ರದ ಕಥೆಯೂ ಸೊಗಸಾದದ್ದೇ. ಅಮೆರಿಕದ ಫೋರ್ಟ್ ವೇಯ್ನ್ ಊರಿನ ಸಿಲ್ವೇನಸ್ ಬೌಸರ್ 1885ರಲ್ಲಿ ಸೀಮೆಎಣ್ಣೆಗೆಂದು ಮಾಡಿದ ಪಂಪೇ ಮುಂದೆ ಪೆಟ್ರೋಲಿಗೂ ಒದಗಿತು. ಆಮೇಲೆ ಗಾಜಿನ ಪಾತ್ರೆಯ ಪಂಪುಗಳು ಬಂದವು. ಹಿಡಿಕೆ ಆಡಿಸಿದರೆ ನೆಲದಡಿಯ ಟ್ಯಾಂಕಿನ ಪೆಟ್ರೋಲ್ ಗಾಜಿನೊಳಗೆ ಏರುತ್ತಿತ್ತು. ಅಳತೆಯ ಗೀಟು ಮುಟ್ಟಿದ್ದನ್ನು ಗಿರಾಕಿ ಕಣ್ಣಾರೆ ನೋಡಿದ ಮೇಲೆ ಕೊಳವೆಯಲ್ಲಿ ಗಾಡಿಗೆ ಇಳಿಸುತ್ತಿದ್ದರು. ಈಗ ಆ ಭರವಸೆ ಕೊಡುವುದು ಬಂಕ್ ಹುಡುಗನ ‘ಸೊನ್ನೆ ನೋಡಿ ಸಾರ್’ ಎಂಬ ಮಾತು. ಅನುಮಾನ ಬಂದರೆ ಸರ್ಕಾರದ ಮುದ್ರೆಯಿರುವ 5 ಲೀಟರ್ ಅಳತೆ ಪಾತ್ರೆಯಲ್ಲಿ ಹಿಡಿಸಿ ನೋಡುವ ಹಕ್ಕು ಗಿರಾಕಿಗಿದೆ.

ಟಿಪ್ಪುವಿನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲ್ ಸೀಮೆಗೂ ಮೋಟಾರು ಬಂತು. ಎರಡನೆಯ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಿದ್ದಾಗ ಮೈಸೂರು ಸಂಸ್ಥಾನದಲ್ಲಿ ಇದ್ದಿಲ ಗ್ಯಾಸಿನ ಬಸ್ಸುಗಳು ಓಡಿದವು. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. ಬೆಂಗಳೂರು–ಮಂಗಳೂರು ಹೆದ್ದಾರಿಯಲ್ಲಿ ಲಾರಿಗಳು ಹೆಚ್ಚಿದಂತೆ ಬಂಕುಗಳೂ ಹೆಚ್ಚಿದವು.

ಬೋರ್ಡುಗಳು ಮಾತ್ರ ಬದಲಾಗುತ್ತಲೇ ಹೋದವು. 1974ರಲ್ಲಿ ಎಸ್ಸೊ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ಸರ್ಕಾರದ ಕೈಸೇರಿದ ಬರ್ಮಾ ಶೆಲ್, ಮರುವರ್ಷ ಭಾರತ್ ಪೆಟ್ರೋಲಿಯಂ ಎನಿಸಿಕೊಂಡಿತು. ಜನರ ಬಾಯಲ್ಲಿ ಎಲ್ಲವೂ ‘ಬಂಕ್’ ಆಗಿಯೇ ಉಳಿದವು. ಎಲ್‌ಪಿಜಿ ಆಟೊಗಳು ಬಂದಾಗ ಚಾಲಕರು ಹೊಸ ಪದಕ್ಕೆ ತಡಕಾಡಲಿಲ್ಲ. ‘ಗ್ಯಾಸ್ ಬಂಕ್’ ಎಂದರು.