ಪ್ರಾಚೀನ ಕರ್ನಾಟಕದ ಛಾತ್ರಶಾಲೆಗಳು

ಕದಂಬ ರಾಜ್ಯದ ಮೂಲಪುರುಷನಾದ ಮಯೂರಶರ್ಮನು ಅರಸನಾಗುವುದಕ್ಕೆ ಮೊದಲು ವಿದ್ಯಾರ್ಥಿಯಾಗಿದ್ದನೆಂಬುದನ್ನು ತಾಳಗುಂದದ ಸ್ತಂಭಶಾಸನವು ತಿಳಿಸುತ್ತದೆ. ವೇದವಿದ್ಯೆಯನ್ನು ಪೂರ್ಣವಾಗಿ ಅಧ್ಯಯನ ಮಾಡಬೇಕೆಂಬ ಅಪೇಕ್ಷೆಯಿಂದ, ಗುರುವಾದ ವೀರಶರ್ಮನೊಡನೆ ಪಲ್ಲವರ ರಾಜಧಾನಿಯಾದ ಕಂಚಿಗೆ ತೆರಳಿ ಅಲ್ಲಿಯ ಘಟಿಕೆಯೆಂಬ ವಿದ್ಯಾಸ್ಥಾನವನ್ನು ಹೊಕ್ಕ ಆತನು, ಪಲ್ಲವರ ಅಶ್ವಾರೋಹಿಯೊಡನೆ ನಡೆದ ಕಲಹದಿಂದ ಮನನೊಂದು, ದರ್ಭೆ ಸಮಿತ್ತುಗಳನ್ನು ಹಿಡಿದಿದ್ದ ಕೈಯಲ್ಲಿ ಖಡ್ಗವನ್ನು ಧರಿಸಿದನು. ನಾಲ್ಕನೆಯ ಶತಮಾನದಲ್ಲಿ ಉನ್ನತ ವ್ಯಾಸಂಗಕ್ಕಾಗಿ ಈ ನಾಡಿನ ತರುಣನು ಕಂಚಿಯವರೆಗೆ ಹೋಗಬೇಕಾಯಿತು. ಹತ್ತನೆಯ ಶತಮಾನದ ವೇಳೆಗಾದರೋ, ನಾನಾ ಜನಪದಗಳ ವಿದ್ಯಾರ್ಥಿಗಳು ಕನ್ನಡ ನಾಡಿನ ಶಾಲೆಗಳನ್ನರಸಿ ಬರತೊಡಗಿದ್ದರು.

ಹಾಗೆ ಬಂದವರು ನೆಲೆಸಿದ ಸ್ಥಳಗಳಲ್ಲೊಂದು ಇಂದಿನ ವಿಜಯಪುರ ಜಿಲ್ಲೆಯ ಸಾಲೋಟಗಿ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನೆಂಬುವನು ಇಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದು ಕ್ರಿ.ಶ. 945ರ ಶಾಸನದಿಂದ ತಿಳಿದುಬರುತ್ತದೆ. ಶಾಲೆಗೆ 500 ನಿವರ್ತನ ಭೂಮಿ, ವಿದ್ಯಾರ್ಥಿಗಳ ವಾಸಕ್ಕೆ 27 ನಿವೇಶನ, ಉಪಾಧ್ಯಾಯನ ಜೀವನಕ್ಕೆ 50 ನಿವರ್ತನ, ಇವುಗಳೊಡನೆ ದೀಪಕ್ಕೆಂದೇ ಪ್ರತ್ಯೇಕವಾಗಿ 12 ನಿವರ್ತನ! ಕಟ್ಟಡವನ್ನು ಕಟ್ಟಿಸುವುದು ಧನವಂತನಾದ ಯಾರಿಗೂ ಅಸಾಧ್ಯವಲ್ಲ; ಆದರೆ ಹೊತ್ತು ಮುಳುಗಿದ ಮೇಲೆಯೂ ಅಲ್ಲಿ ವಾಸಿಸುವವರಿಗೆ ಬೆಳಕು ಬೇಕೆಂಬುದನ್ನು ಮೊದಲೇ ಯೋಚಿಸಿ, ಎಣ್ಣೆಯ ವೆಚ್ಚವು ವರ್ಷವರ್ಷವೂ ನೆಲದ ಉತ್ಪತ್ತಿಯಿಂದಲೇ ಒದಗುವಂತೆ ಏರ್ಪಡಿಸುವುದಕ್ಕೆ ವಿದ್ಯಾರ್ಥಿಜೀವನದ ಅಂತರಂಗವನ್ನು ಬಲ್ಲ ಮನಸ್ಸೇ ಬೇಕು. ಅಷ್ಟಕ್ಕೇ ನಿಲ್ಲದೆ, ಊರಿನಲ್ಲಿ ಮದುವೆಯಾದಾಗ ಐದು ನಾಣ್ಯ, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಅದರರ್ಧ, ಈ ಪ್ರಕಾರ ಶಾಲೆಗೆ ಕಾಣಿಕೆ ಸಲ್ಲತಕ್ಕದ್ದೆಂದೂ ಕಟ್ಟಳೆಯಾಯಿತು. ಹೀಗೆ ಮನೆಮನೆಯ ಮಂಗಳಕಾರ್ಯದಲ್ಲಿಯೂ ದೂರದೇಶದಿಂದ ಬಂದ ಛಾತ್ರರಿಗೆ ಒಂದು ಪಾಲು ಮೀಸಲಾಯಿತು.

ಕಲಬುರಗಿ ಜಿಲ್ಲೆಯ ಚಿತ್ತಾಪುರಕ್ಕೆ ಸಮೀಪದ ನಾಗಾವಿಯ ಘಟಿಕಾಸ್ಥಾನವು ಇದಕ್ಕಿಂತ ಒಂದು ಶತಮಾನದಷ್ಟು ಈಚಿನದು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನ ಔದಾರ್ಯವನ್ನು ಕೀರ್ತಿಸುವ 1058ರ ಶಾಸನದಲ್ಲಿ ವೇದಾಧ್ಯಯನ ಮಾಡುವ 200 ವಿದ್ಯಾರ್ಥಿಗಳನ್ನೂ ಶಾಸ್ತ್ರಾಧ್ಯಯನ ಮಾಡುವ 52 ವಿದ್ಯಾರ್ಥಿಗಳನ್ನೂ ಹೇಳಿದೆ. ವೇದಕ್ಕೆ ಮೂವರು, ಶಾಸ್ತ್ರಕ್ಕೆ ಮೂವರು ಅಧ್ಯಾಪಕರು. ಶಾಸ್ತ್ರಪಾಠದಲ್ಲಿ ಭಟ್ಟದರ್ಶನ, ಪ್ರಾಭಾಕರ ಎಂಬ ಮೀಮಾಂಸಾ ಪಂಥಗಳೂ ನ್ಯಾಸವೆಂಬ ವ್ಯಾಕರಣಗ್ರಂಥವೂ ಸೇರಿದ್ದುವು. ಇವರೆಲ್ಲರಿಗಿಂತ ನಮ್ಮ ಮನಸ್ಸನ್ನು ಸೆಳೆಯುವವರು ಆರು ಮಂದಿ ಸರಸ್ವತೀ ಭಂಡಾರಿಕರು, ಎಂದರೆ ಗ್ರಂಥಪಾಲಕರು. ತಾಳೆಯೋಲೆಯ ಕಟ್ಟುಗಳನ್ನು ಹುಳುವಿನಿಂದಲೂ ತೇವದಿಂದಲೂ ಕಾಪಾಡಿ, ಜೀರ್ಣವಾದುದನ್ನು ಮತ್ತೆ ಪ್ರತಿಮಾಡಿಸದಿದ್ದರೆ ಗ್ರಂಥವೇ ಅಳಿಯುತ್ತಿದ್ದ ಆ ಕಾಲದಲ್ಲಿ, ಅಧ್ಯಾಪಕರೆಷ್ಟೋ ಗ್ರಂಥಪಾಲಕರೂ ಅಷ್ಟೇ ಮಂದಿ ಇದ್ದರೆಂಬುದು ಆ ಸಂಸ್ಥೆಯ ವಿವೇಕಕ್ಕೆ ಸಾಕ್ಷಿ. ನಾಗಾವಿಯ ಅರವತ್ತು ಕಂಬದ ಗುಡಿಯು ಆ ವೈಭವವನ್ನು ನೆನಪಿಸುತ್ತ ಇಂದಿಗೂ ನಿಂತಿದೆ.

ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ಕೋಡಿಯ ಮಠದ ವಿಷಯವಾಗಿ 1162ರ ಶಾಸನವು ಕೊಡುವ ಚಿತ್ರವು ಇನ್ನೂ ವಿಶಾಲವಾದುದು. ಕಾಳಾಮುಖರೆಂಬ ಶೈವ ಆಚಾರ್ಯರ ಈ ಮಠದಲ್ಲಿ ಸಾಂಗವಾದ ವೇದಗಳು, ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳು, ಷಡ್ದರ್ಶನಗಳು, ಪುರಾಣ ಕಾವ್ಯ ನಾಟಕಗಳು ವ್ಯಾಖ್ಯಾನಗೊಳ್ಳುತ್ತಿದ್ದುವು. ಅದೇ ಆವರಣದಲ್ಲಿ ದೀನರಿಗೂ ಅಂಧರಿಗೂ ಕುಂಟರಿಗೂ ಕಿವುಡರಿಗೂ, ಗಾಯಕ ವಾದಕ ನರ್ತಕರಿಗೂ ಅನ್ನವು ದೊರೆಯುತ್ತಿತ್ತು. ರೋಗಿಗಳಿಗೆ ಔಷಧವೂ ಭೀತರಿಗೆ ಅಭಯವೂ ಸಲ್ಲುತ್ತಿದ್ದುವು. ವಿದ್ಯಾರ್ಥಿಯು ಪಾಠವನ್ನು ಮುಗಿಸಿ ಹೊರಬಂದಾಗ ಲೋಕದ ಕಷ್ಟವು ಅವನ ಕಣ್ಣೆದುರಿಗೇ ಇತ್ತು. ಅದನ್ನು ಪರಿಹರಿಸುವ ಕೈಗಳೂ ಅಲ್ಲಿಯೇ ಇದ್ದುವು.

ಈ ಮಹಿಮೆಯನ್ನು ಹೊಗಳುವಾಗ ಇದರ ಮಿತಿಯನ್ನು ಮರೆಯಲಾಗದು. ಅನ್ನವು ಎಲ್ಲರಿಗೂ ದೊರೆತ ಕಾಲದಲ್ಲಿಯೂ ವೇದಶಾಸ್ತ್ರಗಳ ಪಾಠವು ಕೆಲವೇ ಕುಲಗಳ ಬಾಲಕರಿಗೆ ಮೀಸಲಾಗಿತ್ತು. ದತ್ತಿಯ ಹೊಲವನ್ನು ಉತ್ತು ಬಿತ್ತಿ ಆ ದೀಪಕ್ಕೆ ಎಣ್ಣೆಯನ್ನೊದಗಿಸಿದ ಒಕ್ಕಲಿನ ಮಕ್ಕಳು ಆ ಬೆಳಕಿನಲ್ಲಿ ಕುಳಿತು ಓದಲಿಲ್ಲ. ಆ ಕೊರತೆಯನ್ನು ತುಂಬುವ ಹೊಣೆ ನಮ್ಮದು. ಆದರೆ ವಿದ್ಯೆಯು ಉಳಿಯುವುದು ಕೇವಲ ವಿದ್ವಾಂಸರ ಪ್ರತಿಭೆಯಿಂದಲ್ಲ, ಓದುವವನ ಅನ್ನ, ವಸತಿ, ದೀಪ, ಪುಸ್ತಕಗಳನ್ನು ಸಮಾಜವು ತನ್ನ ನಿತ್ಯಧರ್ಮವೆಂದು ಹೊತ್ತುಕೊಂಡಾಗ ಮಾತ್ರ, ಎಂಬ ತತ್ತ್ವವನ್ನು ನಮ್ಮ ಪೂರ್ವಿಕರು ಕಲ್ಲಿನ ಮೇಲೆ ಬರೆಯಿಸಿ ಹೋಗಿದ್ದಾರೆ. ಇಂದು ವಿದ್ಯಾರ್ಥಿನಿಲಯಗಳನ್ನು ನಡೆಯಿಸುವವರೂ ಅವುಗಳಿಗೆ ಧನಸಹಾಯ ಮಾಡುವವರೂ ಸಾಲೋಟಗಿಯ ಶಾಸನವನ್ನೊಮ್ಮೆ ಓದಬೇಕು. ಅನಂತರ ತಮ್ಮ ನಿಲಯಗಳಲ್ಲಿ ಯಾವ ಬಡ ಬಾಲಕನೂ, ಯಾವ ಬಾಲಕಿಯೂ ಬೆಳಕಿಲ್ಲದೆ, ಪುಸ್ತಕವಿಲ್ಲದೆ ಇರದಂತೆ ನೋಡಿಕೊಳ್ಳಬೇಕು.